ಪರ್ಸೆಂಟ್ ಎನ್‌ಕೋಡಿಂಗ್

ಪರ್ಸೆಂಟ್ ಎನ್‌ಕೋಡಿಂಗ್ ಅಥವಾ ಯುಆರ್‌ಎಲ್ ಎನ್‌ಕೋಡಿಂಗ್ ಎಂಬುದು ಅಂತರಜಾಲದ ವಿಳಾಸಗಳಲ್ಲಿ ನೇರವಾಗಿ ಬಳಸಲಾಗದ ಅಕ್ಷರಗಳನ್ನು ಶೇಕಡಾ ಚಿಹ್ನೆಯ (%) ನೆರವಿನಿಂದ ಬರೆಯುವ ಕ್ರಮ. ಕನ್ನಡ ಶೀರ್ಷಿಕೆಯುಳ್ಳ ಪುಟದ ಕೊಂಡಿಯನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಊರಿನ ಹೆಸರಿನ ಬದಲು ಉದ್ದನೆಯ ಚಿಹ್ನೆಗಳ ಸಾಲು ಕಾಣಿಸುವುದು ಇದರಿಂದಲೇ.

ನಿಯಮ

ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್ ಮತ್ತು ಲ್ಯಾರಿ ಮ್ಯಾಸಿಂಟರ್ ರಚಿಸಿ, 2005ರ ಜನವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 3986 ಈ ಕ್ರಮವನ್ನು ವಿವರಿಸುತ್ತದೆ. ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳು 52, ಅಂಕಿಗಳು 10, ಜೊತೆಗೆ - . _ ~ ಎಂಬ ನಾಲ್ಕು, ಹೀಗೆ 66 ಚಿಹ್ನೆಗಳನ್ನು ಮಾತ್ರ ನಿರ್ಬಂಧವಿಲ್ಲದೆ ಬಳಸಬಹುದು. & ಮತ್ತು # ಮೊದಲಾದವಕ್ಕೆ ವಿಳಾಸದಲ್ಲಿ ತಮ್ಮದೇ ಕೆಲಸವಿರುತ್ತದೆ; ಅವು ಬರಿಯ ಅಕ್ಷರಗಳಾಗಿ ಬರಬೇಕಾದರೆ %26, %23 ಎಂದು ಬರೆಯಬೇಕು. ಖಾಲಿ ಜಾಗಕ್ಕೆ %20, ಶೇಕಡಾ ಚಿಹ್ನೆಗೆ %25.

ಕನ್ನಡದ ಹೆಸರುಗಳು

ಕನ್ನಡ ಪಠ್ಯವನ್ನು ಮೊದಲು ಯುಟಿಎಫ್-8 ಪದ್ಧತಿಯಂತೆ ಬೈಟುಗಳಾಗಿ ಪರಿವರ್ತಿಸಲಾಗುತ್ತದೆ. ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕು; 'ಹ' ಅಕ್ಷರದ ಬೈಟುಗಳು 224, 178 ಮತ್ತು 185. ಪ್ರತಿ ಬೈಟನ್ನು ಶೇಕಡಾ ಚಿಹ್ನೆ ಮತ್ತು ಹೆಕ್ಸಾಡೆಸಿಮಲ್ ಪದ್ಧತಿಯ ಎರಡು ಅಂಕಿಗಳಿಂದ ಬರೆಯುವುದರಿಂದ ಒಂದು ಸಂಕೇತ ಒಂಬತ್ತು ಚಿಹ್ನೆಗಳಷ್ಟಾಗುತ್ತದೆ.

'ಹಿರಿಯೂರು' ಎಂಬುದು ಓದುಗರ ಕಣ್ಣಿಗೆ ನಾಲ್ಕೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ವ್ಯಂಜನಗಳೂ ಸ್ವರಚಿಹ್ನೆಗಳೂ ಸೇರಿ ಎಂಟು ಸಂಕೇತಗಳು. ಆದುದರಿಂದ 24 ಬೈಟುಗಳು, ವಿಳಾಸದಲ್ಲಿ 72 ಚಿಹ್ನೆಗಳು. ಅದೇ ಹೆಸರಿಗೆ ಇಂಗ್ಲಿಷಿನಲ್ಲಿ ಏಳು ಅಕ್ಷರ ಸಾಕು. ಒತ್ತಕ್ಷರಗಳಿರುವ 'ಚಿತ್ರದುರ್ಗ'ಕ್ಕೆ 90 ಚಿಹ್ನೆಗಳು ಬೇಕು. ಹಿರಿಯೂರು ತಾಲ್ಲೂಕಿನ ಜಲಾಶಯ 'ವಾಣಿ ವಿಲಾಸ ಸಾಗರ'ದ ಹೆಸರು ಎರಡು ಖಾಲಿ ಜಾಗಗಳೂ ಸೇರಿ 123 ಚಿಹ್ನೆಗಳಿಗೆ ಬೆಳೆಯುತ್ತದೆ. ಬ್ರೌಸರುಗಳು ಸಾಮಾನ್ಯವಾಗಿ ವಿಳಾಸಪಟ್ಟಿಯಲ್ಲಿ ಕನ್ನಡವನ್ನೇ ತೋರಿಸುವುದರಿಂದ ಈ ಉದ್ದ ಗಮನಕ್ಕೆ ಬರುವುದು ನಕಲಿಸಿದಾಗಲೇ.

ತೊಡಕುಗಳು

ಉದ್ದದ ಮಿತಿಯಿರುವ ಕಡೆ ಇಂತಹ ಕೊಂಡಿ ನಡುವೆ ತುಂಡಾದರೆ ಪುಟ ತೆರೆಯುವುದಿಲ್ಲ. ಒಮ್ಮೆ ಸಂಕೇತಿಸಿದ ವಿಳಾಸವನ್ನು ತಂತ್ರಾಂಶವು ಮತ್ತೊಮ್ಮೆ ಸಂಕೇತಿಸುವುದೂ ಸಾಮಾನ್ಯ ದೋಷ. ಆಗ %20 ಎಂಬುದು %2520 ಆಗುತ್ತದೆ.

ಪತ್ತೆಹಚ್ಚಲು ಹೆಚ್ಚು ಕಷ್ಟವಾದುದು ಒಂದೇ ಹೆಸರಿಗೆ ಎರಡು ವಿಳಾಸಗಳು ಹುಟ್ಟುವ ಸಂದರ್ಭ. 'ಹೊಸದುರ್ಗ', 'ಹೊಳಲ್ಕೆರೆ' ಎಂಬಲ್ಲಿನ 'ಹೊ' ಅಕ್ಷರದ ಒಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದಿದ್ದರೂ ಹೊಸದುರ್ಗದ ಹೆಸರು ಮೊದಲ ರೂಪದಲ್ಲಿ 72, ಎರಡನೆಯದರಲ್ಲಿ 81 ಚಿಹ್ನೆಗಳಾಗುತ್ತದೆ. ವಿಕಿಪೀಡಿಯದ ತಂತ್ರಾಂಶವಾದ ಮೀಡಿಯಾವಿಕಿ ಇವನ್ನು ಒಂದೇ ರೂಪಕ್ಕೆ ತರುತ್ತದೆ. ಹಾಗೆ ಮಾಡದ ತಾಣಗಳಲ್ಲಿ ಪುಟ ಇದ್ದರೂ 'ಸಿಗಲಿಲ್ಲ' ಎಂಬ ಉತ್ತರ ಬರಬಹುದು.

ವಿಳಾಸದ ಮೊದಲ ಭಾಗವಾದ ಡೊಮೈನ್ ಹೆಸರನ್ನು ಕನ್ನಡದಲ್ಲಿ ಬರೆದಾಗ ಬಳಕೆಯಾಗುವುದು ಪರ್ಸೆಂಟ್ ಎನ್‌ಕೋಡಿಂಗ್ ಅಲ್ಲ, ಪ್ಯೂನಿಕೋಡ್ ಎಂಬ ಬೇರೊಂದು ಕ್ರಮ.