ಆಷಾಢದ ಮಂಕಿಗೂ ಒಂದು ಇತಿಹಾಸ ಇದೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಈ ಸಲದ ಕಥೆ ಶುರುವಾಗೋದು ಒಂದು ವಾಯ್ಸ್ ಮೆಸೇಜಿಂದ. ಸಂಡೂರು ತಾಲ್ಲೂಕಿನ ಯಶವಂತನಗರದಿಂದ ಕೇಳುಗರೊಬ್ಬರು ಕಳಿಸಿದ್ದು. ಹೆಸರು ಬೇಡ ಅಂದಿದ್ದಾರೆ, ಹೇಳಲ್ಲ. ಅವರ ಮಾತಿನ ಸಾರ ಇಷ್ಟು: "ಮೊಬೈಲ್ ತೆಗೆದ್ರೆ ಬರೀ ವಿಂಟರ್ ಬ್ಲೂಸ್. ಡಿಸೆಂಬರ್ ಬಂದ್ರೆ ಮನಸ್ಸು ಕುಗ್ಗುತ್ತಂತೆ. ನಾನು ಡಿಸೆಂಬರಲ್ಲಿ ಚೆನ್ನಾಗೇ ಇರ್ತೀನಿ. ಆಷಾಢ ಬಂತು ಅಂದ್ರೆ ಮಾತ್ರ ಹಾಸಿಗೆ ಬಿಟ್ಟು ಏಳೋಕೂ ಆಗಲ್ಲ. ಮನೇಲಿ ಸೋಮಾರಿ ಅಂತಾರೆ. ಹಾಗಾದ್ರೆ ನಂದು ನಿಜವಾದ ತೊಂದ್ರೆ ಅಲ್ವಾ? ಬರೀ ನೆಪಾನಾ?"

ಒಳ್ಳೇ ಪ್ರಶ್ನೆ. ಉತ್ತರ ಹುಡುಕೋಕೆ ಮೊದಲು ಈ 'ವಿಂಟರ್ ಬ್ಲೂಸ್' ಎಲ್ಲಿಂದ ಬಂತು ಅಂತ ನೋಡೋಣ. ಆಮೇಲೆ ಹಂಪಿಗೆ, ಸಂಡೂರಿಗೆ ವಾಪಸ್ ಬರೋಣ.

1898ನೇ ಇಸವಿ. ಬೆಲ್ಜಿಕಾ ಅನ್ನೋ ಹಡಗು ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಆ ಭಾಗದಲ್ಲಿ ಚಳಿಗಾಲ ಬಂದರೆ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಹಡಗಿನವರಿಗೆ ಸುಮಾರು ಎರಡು ತಿಂಗಳು ಬಿಸಿಲು ಕಾಣಲಿಲ್ಲ. ಒಬ್ಬೊಬ್ಬರೇ ಮಂಕಾದರು, ಊಟ ಸೇರಲಿಲ್ಲ, ಕೆಲವರ ಬುದ್ಧಿ ಸ್ಥಿಮಿತ ತಪ್ಪಿತು. ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಒಂದು ಉಪಾಯ ಮಾಡಿದರು. ಸೊರಗಿದವರನ್ನು ಉರಿಯುವ ಒಲೆಯ ಮುಂದೆ ಹೊತ್ತುಗಟ್ಟಲೆ ಕೂರಿಸಿದರು, ತಾಜಾ ಮಾಂಸ ತಿನ್ನಿಸಿದರು, ದಿನಾ ಹಡಗಿನ ಸುತ್ತ ನಡೆಸಿದರು. ಬೆಳಕಿಗೂ ಮನಸ್ಸಿಗೂ ಏನೋ ನಂಟಿದೆ ಅನ್ನುವ ಅಂದಾಜು ಅವರಿಗೆ ಆಗಲೇ ಇತ್ತು.

ಈ ನಂಟಿಗೆ ವೈದ್ಯಕೀಯ ಹೆಸರು ಸಿಕ್ಕಿದ್ದು ಎಂಟು ದಶಕ ಕಳೆದ ಮೇಲೆ. ನಾರ್ಮನ್ ರೋಸೆಂಥಾಲ್ ಅನ್ನೋ ಮನೋವೈದ್ಯರು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನವರು. ಬಿಸಿಲಿನ ಊರಿಂದ ಅಮೆರಿಕಕ್ಕೆ ಹೋದರು. ಅಲ್ಲಿನ ಮೊದಮೊದಲ ಚಳಿಗಾಲಗಳಲ್ಲಿ ತಮ್ಮ ಉತ್ಸಾಹವೇ ಇಳಿದುಹೋಗಿದ್ದನ್ನು ಗಮನಿಸಿದರು. ಓದೋಕೆ ಅಂತ ಡಬ್ಲಿನ್‌ಗೋ ಟೊರಾಂಟೋಗೋ ಹೋಗಿರೋ ನಮ್ಮ ಹುಡುಗ ಹುಡುಗಿಯರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಮಧ್ಯಾಹ್ನ ನಾಲ್ಕೂವರೆಗೇ ಕತ್ತಲು, ಊರಲ್ಲಿ ಅಮ್ಮ ಫೋನ್ ಮಾಡಿ "ಯಾಕೋ ದನಿ ಸಣ್ಣ ಆಗಿದೆ" ಅಂತಾರಲ್ಲ, ಅದೇ.

ಅದೇ ಹೊತ್ತಿಗೆ ಹರ್ಬ್ ಕರ್ನ್ ಅನ್ನೋ ಎಂಜಿನಿಯರ್ ಒಬ್ಬರು ರೋಸೆಂಥಾಲ್ ಇದ್ದ ಸಂಸ್ಥೆಗೆ ಬಂದರು. ತಮ್ಮ ಮನಸ್ಸು ಯಾವ ತಿಂಗಳಲ್ಲಿ ಏರುತ್ತೆ, ಯಾವಾಗ ಇಳಿಯುತ್ತೆ ಅಂತ ವರ್ಷಗಟ್ಟಲೆ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದರು. 1980ರ ಚಳಿಗಾಲದಲ್ಲಿ ವೈದ್ಯರು ಅವರನ್ನು ಬೆಳಗಿನ ಜಾವ, ಸಂಜೆ ಪ್ರಖರ ಬೆಳಕಿನ ಮುಂದೆ ಕೂರಿಸಿದರು. ಕೆಲವೇ ದಿನಗಳಲ್ಲಿ ಗೆಲುವಾದರು. 1984ರಲ್ಲಿ ರೋಸೆಂಥಾಲ್ ಮತ್ತು ಜೊತೆಗಾರರು ಈ ಋತುಮಾನದ ಖಿನ್ನತೆಗೆ 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಅಂತ ಹೆಸರಿಟ್ಟರು. ಇಂಗ್ಲಿಷ್‌ನ ಮೊದಲಕ್ಷರ ಸೇರಿಸಿದರೆ 'ಸ್ಯಾಡ್'.

ಒಂದು ವಿಷಯ ಗಮನಿಸಿ. ಯಂತ್ರಕ್ಕಿಂತ ಮುಂಚೆ ಅಲ್ಲಿದ್ದದ್ದು ಒಂದು ನೋಟ್‌ಬುಕ್. ಆ ನೋಟ್‌ಬುಕ್ಕನ್ನು ನಂಬಿದ ಒಬ್ಬ ವೈದ್ಯ. ಇದನ್ನ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಈಗ ನಮ್ಮ ಕಡೆ ಲೆಕ್ಕ. ಲಂಡನ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು 8 ಗಂಟೆಗಿಂತ ಕಡಿಮೆ. ಓಸ್ಲೋದಲ್ಲಿ 6 ಗಂಟೆಯೂ ಇಲ್ಲ. ಯಶವಂತನಗರ ಭೂಮಧ್ಯರೇಖೆಯಿಂದ ಸುಮಾರು 15 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ವರ್ಷದ ಅತಿ ಚಿಕ್ಕ ಹಗಲೇ 11 ಗಂಟೆ ದಾಟುತ್ತೆ, ಅತಿ ದೊಡ್ಡದು 13 ಗಂಟೆ. ನಮಗೆ ಡಿಸೆಂಬರ್ ಅಂದ್ರೆ ನೀಲಿ ಆಕಾಶ, ಎಳೆಬಿಸಿಲು, ಹಂಪಿಯಲ್ಲಿ ವಿರೂಪಾಕ್ಷನ ಫಲಪೂಜೆ, ಹಿಂದೆಯೇ ಎಳ್ಳಮಾವಾಸ್ಯೆ, ಸಂಕ್ರಾಂತಿ. ನಮ್ಮ ಹಳೇ ವೈದ್ಯ ಗ್ರಂಥ ಚರಕಸಂಹಿತೆಯೂ ಇದನ್ನೇ ಹೇಳುತ್ತೆ. ಅದರ ಋತುಚರ್ಯೆಯ ಪ್ರಕಾರ ಮೈಗೆ ಹೆಚ್ಚು ಬಲ ಇರೋದು ಹೇಮಂತ, ಶಿಶಿರದಲ್ಲಿ. ಅತಿ ಕಡಿಮೆ ಇರೋದು ಗ್ರೀಷ್ಮ ಮತ್ತು ವರ್ಷ ಋತುವಿನಲ್ಲಿ, ಅಂದ್ರೆ ಬೇಸಿಗೆ, ಮಳೆಗಾಲದಲ್ಲಿ. ಯುರೋಪಿನ ಪಂಚಾಂಗಕ್ಕೆ ಪೂರ್ತಿ ಉಲ್ಟಾ!

ಹಾಗಾದ್ರೆ ನಮ್ಮ ಸೀಮೆಯ ಮಂಕು ಕಾಲದ ಕಥೆ ಎಲ್ಲಿದೆ? ಹಂಪಿಯಲ್ಲೇ ಇದೆ.

ಹಂಪಿಯಿಂದ ಕಂಪ್ಲಿ ರಸ್ತೆ ಹಿಡಿದ್ರೆ ಮಾಲ್ಯವಂತ ಬೆಟ್ಟ ಸಿಗುತ್ತೆ. ಮೇಲೆ ರಘುನಾಥ ದೇವಸ್ಥಾನ. ಸೀತೆಯನ್ನು ಕಳೆದುಕೊಂಡ ರಾಮ, ಲಕ್ಷ್ಮಣನ ಜೊತೆ ಮಳೆಗಾಲದ ನಾಲ್ಕು ತಿಂಗಳು ಕಳೆದದ್ದು ಇಲ್ಲೇ ಅಂತ ಈ ಭಾಗದ ಜನ ನಂಬಿದ್ದಾರೆ. ನಡೆದಿದ್ದೋ ಇಲ್ವೋ ಅನ್ನೋದು ಇವತ್ತಿನ ಪ್ರಶ್ನೆ ಅಲ್ಲ. ಕಥೆ ಕಟ್ಟಿದವರು ಮಳೆಗಾಲದ ಮನಸ್ಸನ್ನ ಹೇಗೆ ಕಂಡಿದ್ರು ಅನ್ನೋದು ಪ್ರಶ್ನೆ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿ ರಾಮನಿಗೆ ರಾತ್ರಿ ನಿದ್ದೆ ಹತ್ತಲ್ಲ. ಮೋಡ ಕವಿದರೆ ದುಃಖ, ಚಂದ್ರ ಕಂಡರೂ ದುಃಖ. ಮಳೆ ನಿಲ್ಲೋವರೆಗೆ ಯುದ್ಧ ಯಾತ್ರೆ ಹೊರಡೋ ಹಾಗಿಲ್ಲ, ಕೂತಲ್ಲೇ ಕೂರಬೇಕು. ಅಷ್ಟು ದೊಡ್ಡ ವೀರ, ತನ್ನ ಸಂಕಟವನ್ನ ಬಾಯಿಬಿಟ್ಟು ತಮ್ಮನ ಹತ್ತಿರ ಹೇಳ್ತಾನೆ. ಲಕ್ಷ್ಮಣ ಅದನ್ನ ಪೂರ್ತಿ ಕೇಳ್ತಾನೆ. ಕೇಳಿದ ಮೇಲೆ, ದುಃಖಕ್ಕೆ ಮನಸ್ಸು ಕೊಟ್ಟರೆ ಕೆಲಸವೆಲ್ಲ ಕೆಡುತ್ತೆ ಅಂತ ಮೆಲ್ಲಗೆ ತಿಳಿಸಿ ಹೇಳ್ತಾನೆ.

ಇನ್ನೊಂದು ಮಾತು. ಲಕ್ಷ್ಮಣನ ಸಮಾಧಾನದಿಂದ ರಾಮನ ದುಃಖ ಅಲ್ಲಿಗೇ ಮುಗಿಯಲ್ಲ. ಮಳೆ ಹೋಗಿ ಶರತ್ಕಾಲ ಬಂದರೂ ಮತ್ತೆ ಉಕ್ಕುತ್ತೆ. ತಮ್ಮ ಮತ್ತೆ ಕೇಳಬೇಕಾಗುತ್ತೆ. ಒಂದೇ ಸಲ "ಚಿಯರ್ ಅಪ್" ಅಂದು ಎದ್ದು ಹೋಗೋರಿಗೆ ಇಲ್ಲೊಂದು ಪಾಠ ಇದೆ.

ಇದೇ ಹಂಪಿ ಮುಂದೆ ವಿಜಯನಗರದ ರಾಜಧಾನಿ ಆಯಿತು. ಮಳೆಗಾಲ ಮುಗಿಯುತ್ತಾ ಬಂದಾಗ ಮಹಾನವಮಿ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆ ಒಂಬತ್ತು ದಿನಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕುಸ್ತಿ, ಕುಣಿತ, ರಾತ್ರಿಯಾದರೆ ಅಂಗಳವೆಲ್ಲ ಹಗಲಾಗುವಷ್ಟು ದೀವಟಿಗೆ. ಅದು ರಾಜನ ಬಲ ತೋರಿಸುವ ಹಬ್ಬ, ಚಿಕಿತ್ಸೆ ಅಲ್ಲ. ಆದರೆ ಮಳೆಗೆ ಮನೆಯೊಳಗೆ ಕೂತಿದ್ದ ಜನ ಹೊರಗೆ ಬಂದು, ಬೆಳಕಿನ ಕೆಳಗೆ ಒಟ್ಟಿಗೆ ಸೇರೋ ಹೊತ್ತು ಅದೇ. ಮುಂದೆ ದೀಪಾವಳಿ, ಕಾರ್ತಿಕದ ದೀಪ. ನಮ್ಮ ಪಂಚಾಂಗದಲ್ಲಿ ಮೋಡದ ತಿಂಗಳುಗಳ ಹಿಂದೆಯೇ ದೀಪದ ತಿಂಗಳುಗಳು ಬರುತ್ತವೆ.

ಈಗ ಸಂಡೂರಿಗೆ ಬನ್ನಿ. ಸಂಡೂರಿನ ಬೆಟ್ಟಸಾಲಿನಲ್ಲಿ ರಾಮನದುರ್ಗ ಇದೆ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರ. 19ನೇ ಶತಮಾನದಲ್ಲಿ ಬ್ರಿಟಿಷರು ಬಳ್ಳಾರಿ ದಂಡಿನ ಸಿಪಾಯಿಗಳಿಗಾಗಿ ಇಲ್ಲಿ ಆರೋಗ್ಯಧಾಮ ನಡೆಸಿದರು. ಯುರೋಪಿನಿಂದ ಬಂದ ಆ ಸಿಪಾಯಿಗಳನ್ನು ಹಣ್ಣು ಮಾಡುತ್ತಿದ್ದದ್ದು ಚಳಿಯಲ್ಲ, ಬಳ್ಳಾರಿ ಬಿಸಿಲು. ಬೇಸಿಗೆಯಲ್ಲಿ ಮರುಕಳಿಸುವ ಖಿನ್ನತೆಯನ್ನು ರೋಸೆಂಥಾಲ್ ತಂಡವೇ 1987ರಲ್ಲಿ ವಿವರಿಸಿತು. ಚಳಿಗಾಲದ್ದರಲ್ಲಿ ನಿದ್ದೆ, ಹಸಿವು ಹೆಚ್ಚಾದರೆ, ಬೇಸಿಗೆಯದ್ದರಲ್ಲಿ ಸಾಮಾನ್ಯವಾಗಿ ಎರಡೂ ಕಡಿಮೆ, ಜೊತೆಗೆ ಚಡಪಡಿಕೆ. ಅಂದ್ರೆ 'ಋತುಮಾನ' ಅಂದಕೂಡಲೇ ಚಳಿಗಾಲ ಅಂತಲೇ ಆಗಬೇಕಿಲ್ಲ.

ಆದರೆ ರಾಮನದುರ್ಗದ ತಂಪು ಎಲ್ಲರಿಗೂ ಇರಲಿಲ್ಲ. ಬೆಟ್ಟ ಹತ್ತಿ ಹೋಗಿ ಸುಧಾರಿಸಿಕೊಳ್ಳೋ ಭಾಗ್ಯ ಕೆಲವರಿಗೆ ಮಾತ್ರ. ಕೆಳಗಿನ ಹಳ್ಳಿಗಳ ಜನರ ಮನಸ್ಸಿಗೆ ವೈದ್ಯರು ಸಿಗೋಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಆ ಕಥೆ ನಮ್ಮ ಜಿಲ್ಲೆಯದ್ದೇ. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆದರೆ ಹಳ್ಳಿಯಲ್ಲಿ ಅದನ್ನು ನಡೆಸೋದು ಹೇಗೆ? ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲಾ ಆಗ ಅದರೊಳಗೇ ಇದ್ದವು. 1985ರಿಂದ 1990ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸೋಕೆ ತರಬೇತಿ ಕೊಟ್ಟರು. ಬೇಕಾದ ಕೆಲವೇ ಔಷಧಿಗಳನ್ನು ಅಲ್ಲೇ ಸಿಗೋ ಹಾಗೆ ಮಾಡಿದರು. ಜ್ವರಕ್ಕೆ ಹೋಗೋ ಆಸ್ಪತ್ರೆಯಲ್ಲೇ ಮನಸ್ಸಿಗೂ ಔಷಧ. ಇದಕ್ಕೆ 'ಬಳ್ಳಾರಿ ಮಾದರಿ' ಅಂತ ಹೆಸರಾಯಿತು. 1996ರಲ್ಲಿ ಇದೇ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ಬೇರೆ ಜಿಲ್ಲೆಗಳಿಗೆ ಹರಡಿತು. ಗಣಿ, ಧೂಳು, ಬಿಸಿಲು ಅಂತ ಸುದ್ದಿಯಾಗೋ ಬಳ್ಳಾರಿ, ಇಡೀ ದೇಶಕ್ಕೆ ಇದನ್ನೂ ಕಲಿಸಿದೆ. ನಮ್ಮಲ್ಲೇ ಎಷ್ಟು ಜನಕ್ಕೆ ಇದು ಗೊತ್ತು?

ಈಗ ಯಶವಂತನಗರದ ಗೆಳೆಯರ ಪ್ರಶ್ನೆಗೆ ಬರೋಣ. ನಿಮ್ಮದು ನೆಪ ಅಲ್ಲ. ತಿಂಗಳು ಬೇರೆಯಾದ ಮಾತ್ರಕ್ಕೆ ಸಂಕಟ ಸುಳ್ಳಾಗಲ್ಲ. ಅದು ಋತುಮಾನದ ಖಿನ್ನತೆಯೋ ಬೇರೆಯೋ ಅಂತ ಹೇಳಬೇಕಾದವರು ವೈದ್ಯರು, ನಾನಲ್ಲ. ಅವರ ಹತ್ತಿರ ಹೋಗೋಕೆ ಮುಂಚೆ ಒಂದಿಷ್ಟು ತಯಾರಿ ಮಾಡ್ಕೊಬಹುದು.

ಹರ್ಬ್ ಕರ್ನ್ ಹಾಗೆ ಬರೆದಿಡಿ. ಫೋನಲ್ಲೇ ಸಾಕು: ದಿನಾಂಕ, ನಿದ್ದೆ, ಊಟ, ಮನಸ್ಸು, ಹೊರಗೆ ಮೋಡ ಇತ್ತಾ. ಜೊತೆಗೆ ಕೆಲಸ, ದುಡ್ಡಿನ ವಿಷಯವನ್ನೂ ಬರೆಯಿರಿ. ಯಾಕಂದ್ರೆ ನಮ್ಮ ಸೀಮೇಲಿ ಮಳೆ ಬಂದ್ರೆ ಕೂಲಿ ನಿಲ್ಲುತ್ತೆ, ಬರದಿದ್ರೆ ಬೆಳೆ ಹೋಗುತ್ತೆ. ಮಂಕಿಗೆ ಕಾರಣ ಮೋಡಾನಾ, ಸಾಲಾನಾ ಅನ್ನೋದು ಬರೆದಾಗ ಕಾಣುತ್ತೆ. ಸಾಲದ ಚಿಂತೆಗೆ ಬರೀ ಬೆಳಕು ಔಷಧ ಅಲ್ಲ.

ಬೆಳಿಗ್ಗೆ ಅರ್ಧ ಗಂಟೆ ಹೊರಗೆ ನಡೀರಿ. ಮೋಡ ಕವಿದಿದ್ರೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಹೊರಗಿನ ಬೆಳಕು ಎಷ್ಟೋ ಪಾಲು ಜಾಸ್ತಿ. ವಿದೇಶದಲ್ಲಿ ಇರೋರಿಗೆ ವೈದ್ಯರು 10,000 ಲಕ್ಸ್‌ನ ದೀಪದ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರೋಕೆ ಹೇಳಬಹುದು. ಕಣ್ಣಿನ ತೊಂದರೆ ಇದ್ದರೆ, ಬೈಪೋಲಾರ್ ಇದ್ದರೆ ಕೇಳದೇ ಶುರು ಮಾಡಬೇಡಿ.

ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಓದು ಕೆಲಸ ನಿಂತುಹೋದರೆ, ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಆಗಲೇ ಫೋನ್ ಮಾಡಿ. ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೇ ಮಾತು ನಿಮ್ಮ ಮನೆಯವರಿಗೆ. ಕುಕ್ ಆಗಲಿ, ರೋಸೆಂಥಾಲ್ ಆಗಲಿ, ಆರೋಗ್ಯ ಕೇಂದ್ರದ ವೈದ್ಯರಾಗಲಿ, ಮೊದಲು ಮಾಡಿದ್ದು ಒಂದೇ ಕೆಲಸ: ಎದುರಿಗಿದ್ದವರನ್ನ ನಂಬಿದ್ದು. ಮಾಲ್ಯವಂತದ ಮೇಲೆ ಲಕ್ಷ್ಮಣ ಅಣ್ಣನನ್ನ ಸೋಮಾರಿ ಅನ್ನಲಿಲ್ಲ. ಪಕ್ಕದಲ್ಲಿ ಕೂತು ಕೇಳಿದ. ಈ ಸಂಚಿಕೆ ಕೇಳಿದ ಮೇಲೆ ದನಿ ಸಣ್ಣ ಆಗಿರೋ ಒಬ್ಬರಿಗೆ ಫೋನ್ ಮಾಡಿ.