ಕ್ರವಾತ್ ನ್ಯಾಯವಾದಿಗಳ ಬಲವೂ ಪ್ರಸಿದ್ಧಿಯೂ

ವ್ಯವಹಾರವನ್ನು ಕುರಿತ ನಮ್ಮ ಸ್ಮೃತಿಗಳಲ್ಲಿ ಪರರ ಪರವಾಗಿ ವಾದಿಸುವವನ ಪ್ರಸ್ತಾಪವು ಬಹು ಸಂಕ್ಷಿಪ್ತವಾಗಿದೆ. ವಾದಿಯಿಂದಲೋ ಪ್ರತಿವಾದಿಯಿಂದಲೋ ನಿಯುಕ್ತನಾದವನು ಸಭೆಯಲ್ಲಿ ವಾದಿಸಿದರೆ ಅದರ ಜಯಾಪಜಯಗಳು ನಿಯೋಗಿಸಿದವನಿಗೇ ಸೇರುವುವೆಂದು ನಾರದಸ್ಮೃತಿಯು ವಿಧಿಸುತ್ತದೆ. ತಂದೆ, ಮಗ, ಸೋದರ, ನಿಯುಕ್ತ ಇವರಲ್ಲಿ ಯಾರೂ ಅಲ್ಲದವನು ಪರಾರ್ಥವಾಗಿ ಬಾಯಿಹಾಕಿದರೆ ಅವನು ದಂಡಾರ್ಹನೆಂದೂ ಹೇಳುತ್ತದೆ. ಶುಕ್ರನೀತಿಯು ಇಂತಹ ನಿಯೋಗಿಗೆ ವ್ಯಾಜ್ಯದ ದ್ರವ್ಯದಲ್ಲಿ ಹದಿನಾರನೆಯ ಒಂದು ಪಾಲು ಮೊದಲ್ಗೊಂಡು ಭೃತಿಯನ್ನು ಗೊತ್ತುಮಾಡಿ, ದ್ರವ್ಯವು ಹೆಚ್ಚಿದಂತೆಲ್ಲ ಪಾಲು ಇಳಿಯಬೇಕೆನ್ನುತ್ತದೆ. ಆದರೆ ಆ ಗ್ರಂಥದ ಕಾಲವು ಬಹಳ ಈಚಿನದೆಂದು ಅನೇಕ ವಿದ್ವಾಂಸರ ಮತ. ಹೀಗೆ ಜಯವು ಕಕ್ಷಿಗಾರನಿಗೂ ಭೃತಿಯು ನಿಯೋಗಿಗೂ ಸಂದುವು. ಕೀರ್ತಿಯು ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಈ ವಚನಗಳು ವಿಚಾರಿಸುವುದಿಲ್ಲ.

ಈ ವಿಚಾರಕ್ಕೆ ಅಮೆರಿಕಾ ದೇಶದ ನ್ಯಾಯವಾದಿಗಳ ಚರಿತ್ರೆಯಲ್ಲಿ ಒಳ್ಳೆಯ ಸಾಮಗ್ರಿಯುಂಟು. ಅಲ್ಲಿ ವಕೀಲರು ಒಬ್ಬೊಬ್ಬರಾಗಿ ವೃತ್ತಿಮಾಡುವುದಕ್ಕಿಂತ ನೂರಾರು ಮಂದಿ ಕೂಡಿ ಒಂದು ಹೆಸರಿನಲ್ಲಿ ವೃತ್ತಿಮಾಡುವ ಸಂಸ್ಥೆಗಳು ಪ್ರಬಲವಾಗಿವೆ. ಅವುಗಳಲ್ಲಿ ನ್ಯೂಯಾರ್ಕ್ ನಗರದ ಕ್ರವಾತ್, ಸ್ವೇನ್ ಅಂಡ್ ಮೂರ್ ಎಂಬುದು ಪುರಾತನವಾದುದು. ಈ ಸಂಸ್ಥೆಯು ತನ್ನ ಮೂಲವನ್ನು 1819ನೆಯ ಇಸವಿಗೆ ಒಯ್ಯುತ್ತದೆ. ಇದರ ಪಾಲುದಾರನಾಗಿದ್ದ ರಾಬರ್ಟ್ ಸ್ವೇನನು 1947ರವರೆಗಿನ ಇತಿಹಾಸವನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ರಾಜವಂಶಗಳಿಗೆ ಪ್ರಶಸ್ತಿಗಳಿರುವಂತೆ ವಕೀಲರ ಮನೆಗೂ ಒಂದು ಪ್ರಶಸ್ತಿಯುಂಟಾದುದು ವಿಶೇಷವೇ ಸರಿ. ಪ್ರಶಸ್ತಿಗಳನ್ನು ಓದುವಾಗ ಇರಬೇಕಾದ ಎಚ್ಚರವು ಇಲ್ಲಿಯೂ ಬೇಕು.

ಈ ವಂಶಾವಳಿಯಲ್ಲಿ ಮೊದಲು ಎದ್ದುಕಾಣುವ ಪುರುಷನು ವಿಲಿಯಂ ಸೀವರ್ಡ್. ನ್ಯೂಯಾರ್ಕ್ ಸಂಸ್ಥಾನದ ಗವರ್ನರನಾಗಿದ್ದವನು. ಮುಂದೆ ಲಿಂಕನ್ನನ ಮಂತ್ರಿಯಾಗಿ, 1867ರಲ್ಲಿ ಅಲಾಸ್ಕಾ ಪ್ರಾಂತವನ್ನು ರಷ್ಯದಿಂದ ಕೊಂಡವನು. 1846ರಲ್ಲಿ ಆತನ ಊರಾದ ಆಬರ್ನಿನ ಸಮೀಪದಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ಅಪರಾಧಿಯೆಂದು ಹಿಡಿಯಲ್ಪಟ್ಟವನು ವಿಲಿಯಂ ಫ್ರೀಮನ್ ಎಂಬ ನೀಗ್ರೋ ಯುವಕ. ಅವನು ಹಿಂದೆ ಕುದುರೆಯ ಕಳವಿನ ಆರೋಪದ ಮೇಲೆ ಐದು ವರ್ಷ ಸೆರೆಯಲ್ಲಿದ್ದು, ಅಲ್ಲಿ ತಿಂದ ಪೆಟ್ಟುಗಳಿಂದ ಕಿವುಡನಾಗಿ ಬುದ್ಧಿ ಕೆಟ್ಟಿದ್ದನು. ಊರಿನ ಜನರು ಅವನನ್ನು ವಿಚಾರಣೆಯಿಲ್ಲದೆಯೇ ಕೊಲ್ಲಬೇಕೆಂದು ಕೂಗಾಡುತ್ತಿದ್ದರು. ಸೀವರ್ಡನು ಒಂದು ಕಾಸನ್ನೂ ತೆಗೆದುಕೊಳ್ಳದೆ ಅವನ ಪರವಾಗಿ ನಿಂತು, ಉನ್ಮತ್ತನಿಗೆ ಅಪರಾಧವಿಲ್ಲವೆಂದು ವಾದಿಸಿದನು. ಜೂರಿಯು ಒಪ್ಪಲಿಲ್ಲ, ಮರಣದಂಡನೆಯಾಯಿತು. ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತಳ್ಳಿ ಮರುವಿಚಾರಣೆಗೆ ಆಜ್ಞೆಮಾಡಿತು. ಅದು ನಡೆಯುವ ಮೊದಲೇ 1847ರಲ್ಲಿ ಫ್ರೀಮನ್ನನು ಸೆರೆಮನೆಯಲ್ಲಿ ಸತ್ತನು. ಶವಪರೀಕ್ಷೆಯಲ್ಲಿ ಅವನ ಮಿದುಳು ರೋಗಗ್ರಸ್ತವಾಗಿದ್ದುದು ಕಂಡುಬಂದಿತು. ಈ ವಾದವು ನಡೆದಾಗ ಸೀವರ್ಡನು ನ್ಯೂಯಾರ್ಕಿನ ಬ್ಲಾಚ್‌ಫರ್ಡನೊಡನೆ ಇನ್ನೂ ಕೂಡಿರಲಿಲ್ಲ. ಅವರ ಹೆಸರುಗಳು ಸೇರಿದುದು 1854ರಲ್ಲಿ. ಆದುದರಿಂದ ಇದನ್ನು ಸಂಸ್ಥೆಯ ಕೀರ್ತಿಯೆನ್ನುವುದಕ್ಕಿಂತ ಒಬ್ಬ ಪುರುಷನ ಧೈರ್ಯವೆನ್ನುವುದು ಯುಕ್ತ. ಕುಲವು ಮೂಲಪುರುಷನ ಪುಣ್ಯವನ್ನು ತನ್ನದೆನ್ನುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಮನೆಗೆ ಈಗಿನ ರೂಪವನ್ನು ಕೊಟ್ಟವನು ಪಾಲ್ ಕ್ರವಾತ್. ಇವನು ಯೌವನದಲ್ಲಿ ಎಡಿಸನ್ನನ ವಿದ್ಯುದ್ದೀಪದ ವ್ಯಾಜ್ಯಗಳಲ್ಲಿ ವೆಸ್ಟಿಂಗ್‌ಹೌಸನ ಪಕ್ಷದಲ್ಲಿದ್ದನು. ದೀಪದ ಪೇಟೆಂಟಿನ ಮುಖ್ಯ ವ್ಯಾಜ್ಯದಲ್ಲಿ 1892ರಲ್ಲಿ ಆ ಪಕ್ಷಕ್ಕೆ ಸೋಲೇ ಆಯಿತು. ಆದರೆ ಯಂತ್ರಶಾಸ್ತ್ರವನ್ನೆಲ್ಲ ಅಗೆದು ತೆಗೆಯಬೇಕಾದ ಇಂತಹ ವ್ಯಾಜ್ಯಗಳು ಒಬ್ಬ ವಾಗ್ಮಿಯಿಂದ ಸಾಗತಕ್ಕವಲ್ಲ. 1899ರಲ್ಲಿ ಈ ಮನೆಯನ್ನು ಸೇರಿದ ಮೇಲೆ ಅವನು ಏರ್ಪಡಿಸಿದ ಕ್ರಮವು ಕ್ರವಾತ್ ಪದ್ಧತಿಯೆಂದು ಪ್ರಸಿದ್ಧವಾಗಿದೆ. ನ್ಯಾಯಶಾಸ್ತ್ರದ ಪಾಠಶಾಲೆಗಳಲ್ಲಿ ಮೊದಲ ಪಂಕ್ತಿಯಲ್ಲಿ ತೇರ್ಗಡೆಯಾದವರನ್ನು ಬೇರೆ ಕಡೆಯ ಅಭ್ಯಾಸವು ಅಂಟುವುದಕ್ಕೆ ಮೊದಲೇ ಆರಿಸಿಕೊಳ್ಳುವುದು. ಅವರನ್ನು ಒಬ್ಬ ಪಾಲುದಾರನ ಕೈಕೆಳಗೆ ಕೆಲಕಾಲವಿರಿಸಿ, ಅವನು ದೊಡ್ಡ ಕಾರ್ಯವನ್ನು ಹೇಗೆ ಬಿಡಿಬಿಡಿಯಾಗಿ ಒಡೆಯುವನೆಂಬುದನ್ನು ನೋಡಗೊಟ್ಟು, ಆಮೇಲೆ ಮತ್ತೊಬ್ಬನ ಬಳಿಗೆ ಕಳುಹುವುದು. ಪಾಲುದಾರರನ್ನು ಸಾಮಾನ್ಯವಾಗಿ ಒಳಗಿನವರಿಂದಲೇ ಮಾಡಿಕೊಳ್ಳುವುದು. ಲಾಭವನ್ನು ಕಕ್ಷಿಗಾರರನ್ನು ತಂದವನಿಗೆ ಹೆಚ್ಚಾಗಿ ಕೊಡದೆ ಹಿರಿತನದ ಮೇಲೆ ಹಂಚುವುದು. ಗುರುಕುಲದ ರೀತಿಯನ್ನು ಇದರಲ್ಲಿ ಕಾಣಬಹುದು. ಒಂದು ಭೇದವುಂಟು. ಪಾಲುದಾರಿಕೆಗೆ ತಕ್ಕವನಲ್ಲವೆಂದು ತೋರಿದವನು ಕೆಲವು ವರ್ಷಗಳಲ್ಲಿ ಮನೆಯನ್ನು ಬಿಟ್ಟು ಹೋಗಲೇಬೇಕು; ಹೋದವರು ಬ್ಯಾಂಕುಗಳಲ್ಲಿಯೂ ಇತರ ವಕೀಲ ಸಂಸ್ಥೆಗಳಲ್ಲಿಯೂ ಸೇರಿ, ಬಿಟ್ಟ ಮನೆಯ ಹೆಸರನ್ನೇ ತಮ್ಮ ಯೋಗ್ಯತಾಪತ್ರವಾಗಿ ತೋರಿಸಿಕೊಳ್ಳುವರು. ಸಂಸ್ಥೆಯ ಪ್ರಸಿದ್ಧಿಗೆ ಉಳಿದವರಷ್ಟೇ ಹೋದವರೂ ಕಾರಣರು.

1935ರಲ್ಲಿ ಬ್ರೂಕ್ಲಿನ್ನಿನ ಷೆಕ್ಟರ್ ಎಂಬ ಕೋಳಿವ್ಯಾಪಾರಿಗಳ ಪರವಾಗಿ ಈ ಮನೆಯ ಫ್ರೆಡರಿಕ್ ವುಡ್ಡನು ಸುಪ್ರೀಂ ಕೋರ್ಟಿನಲ್ಲಿ ವಾದಿಸಿ, ಅಧ್ಯಕ್ಷ ರೂಸ್ವೆಲ್ಟನ ಔದ್ಯೋಗಿಕ ಪುನರುಜ್ಜೀವನ ಶಾಸನವು ಸಂವಿಧಾನಕ್ಕೆ ವಿರುದ್ಧವೆಂಬ ಏಕಕಂಠದ ತೀರ್ಪನ್ನು ಪಡೆದುದು ಆ ಕಾಲದ ದೊಡ್ಡ ಸುದ್ದಿ. ಆದರೆ ಅದು ಶಾಸನಾರ್ಥದ ಚರ್ಚೆ. ಸಾಕ್ಷಿಗಳನ್ನು ಎದುರಿಗೆ ನಿಲ್ಲಿಸಿಕೊಂಡು ನಡೆಸುವ ವಿಚಾರಣೆಯ ಬಲವು ಬೇರೆ.

ಯಾಜ್ಞವಲ್ಕ್ಯನು ವ್ಯವಹಾರವನ್ನು ನಾಲ್ಕು ಪಾದಗಳುಳ್ಳದ್ದೆಂದಿದ್ದಾನೆ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅವನ್ನು ವಿವರಿಸುತ್ತಾನೆ: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ತೋರಿಸುವ ಕ್ರಿಯೆ, ಸಾಧ್ಯಸಿದ್ಧಿ. ಅಮೆರಿಕಾದ ಕೇಂದ್ರ ನ್ಯಾಯಾಲಯಗಳ 1938ರ ವಿಧಿಗಳು ಉತ್ತರಕ್ಕೂ ಕ್ರಿಯೆಗೂ ನಡುವೆ ಐದನೆಯ ಪಾದವೊಂದನ್ನು ಇಟ್ಟುವೆಂದು ಹೇಳಬಹುದು. ವಿಚಾರಣೆಗೆ ಮೊದಲೇ ಒಂದು ಪಕ್ಷದವರು ಎದುರುಪಕ್ಷದ ಕಾಗದಪತ್ರಗಳನ್ನೆಲ್ಲ ತರಿಸಿ ನೋಡಬಹುದು; ಸಾಕ್ಷಿಗಳನ್ನು ಪ್ರಮಾಣಮಾಡಿಸಿ ಪ್ರಶ್ನಿಸಿ, ಅವರ ಮಾತನ್ನು ಬರೆಸಿಕೊಳ್ಳಬಹುದು. ಲಕ್ಷಗಟ್ಟಲೆ ಹಾಳೆಗಳನ್ನು ಓದುವ ಕೈಗಳು ಯಾರಿಗುಂಟೋ ಅವರಿಗೆ ಇಲ್ಲಿ ಬಲವುಂಟು. ಕ್ರವಾತ್ ಪದ್ಧತಿಯು ಬೆಳೆಸಿದ ತರುಣರ ಪಡೆಗೆ ತಕ್ಕ ರಣರಂಗವು ಈ ಐದನೆಯ ಪಾದವೇ. ನ್ಯಾಯಾಲಯದಲ್ಲಿ ಎದ್ದು ನಿಲ್ಲುವವನ ಒಂದು ಪ್ರಶ್ನೆಯ ಹಿಂದೆ ಹೆಸರಿಲ್ಲದ ಹತ್ತಾರು ಮಂದಿಯ ಜಾಗರಣೆ ಇರುತ್ತದೆ.

ಇದೇ ಬಲದಲ್ಲಿ ದೋಷವೂ ಅಡಗಿದೆ. ಸಂಸ್ಥೆಯ ವಿಚಾರಣಾ ವಕೀಲರಲ್ಲಿ ಅಗ್ರಗಣ್ಯನಾಗಿದ್ದ ಬ್ರೂಸ್ ಬ್ರಾಮ್ಲಿಯು 1958ರ ಒಂದು ಉಪನ್ಯಾಸದಲ್ಲಿ, ಏಕಸ್ವಾಮ್ಯ ನಿರೋಧದ ಅತಿ ಸರಳವಾದ ಮೊಕದ್ದಮೆಯನ್ನೂ ಪ್ರತಿವಾದಿಯ ಪರವಾಗಿ ಕೊನೆಯಿಲ್ಲದಂತೆ ಎಳೆಯಬಲ್ಲೆನೆಂದು ಪರಿಹಾಸವಾಗಿ ಹೇಳಿಕೊಂಡನು. ಹಾಸ್ಯವಾದರೂ ಸುಳ್ಳಲ್ಲ. ಕೆಲವೇ ವರ್ಷಗಳಲ್ಲಿ ಅದಕ್ಕೆ ಮಹಾಭಾಷ್ಯದಂತಹ ಒಂದು ಉದಾಹರಣೆ ದೊರೆಯಿತು.

1969ನೆಯ ಜನವರಿ 17ರಲ್ಲಿ ಅಮೆರಿಕಾ ಸರಕಾರವು ಗಣಕಯಂತ್ರಗಳನ್ನು ಮಾಡುವ ಐ.ಬಿ.ಎಂ. ಕಂಪೆನಿಯ ಮೇಲೆ ಏಕಸ್ವಾಮ್ಯದ ಆರೋಪ ಹೊರಿಸಿ ದಾವೆ ಹೂಡಿತು. ಕಂಪೆನಿಯ ಪರವಾದ ಸೇನೆಗೆ ನಾಯಕನು ಕ್ರವಾತ್ ಸಂಸ್ಥೆಯ ಥಾಮಸ್ ಬಾರ್. ಸರಕಾರದ ಹಿಂದೆಯೇ ಖಾಸಗಿ ಕಂಪೆನಿಗಳೂ ಬೇರೆಬೇರೆ ಊರುಗಳಲ್ಲಿ ದಾವೆಗಳನ್ನು ತಂದುವು. 1973ರಲ್ಲಿ ಓಕ್ಲಹೋಮದಲ್ಲಿ ಟೆಲೆಕ್ಸ್ ಕಂಪೆನಿಯ ದಾವೆಯಲ್ಲಿ ಐ.ಬಿ.ಎಂ.ಗೆ ಭಾರಿ ಸೋಲಾಯಿತು. ಮೊದಲು ಗೊತ್ತಾದ ಪರಿಹಾರವು 35 ಕೋಟಿ ಡಾಲರುಗಳಿಗೂ ಮೀರಿದ್ದಿತು. 1975ರಲ್ಲಿ ಅಪೀಲಿನ ನ್ಯಾಯಾಲಯವು ಅದನ್ನು ತಲೆಕೆಳಗುಮಾಡಿತು. ಸರಕಾರದ ದಾವೆಯ ವಿಚಾರಣೆ ಮೊದಲಾದುದು ಅದೇ ವರ್ಷದ ಮೇ ತಿಂಗಳಲ್ಲಿ, ಎಂದರೆ ದಾವೆ ಹೂಡಿ ಆರು ವರ್ಷಗಳಾದ ಮೇಲೆ. ನ್ಯಾಯಾಧೀಶ ಎಡೆಲ್‌ಸ್ಟೈನನ ಮುಂದೆ ವಿಚಾರಣೆಯು ಏಳುನೂರು ದಿನಗಳ ಮಟ್ಟಿಗೆ ನಡೆದು, ಬರೆಸಿಕೊಂಡ ಮಾತೇ ಒಂದು ಲಕ್ಷಕ್ಕೂ ಹೆಚ್ಚು ಪುಟಗಳಾಯಿತು. ಯುವಕನಾಗಿ ಬಂದವನು ಅದೊಂದೇ ಮೊಕದ್ದಮೆಯಲ್ಲಿ ತಲೆನರೆಸಿಕೊಳ್ಳುವ ಹಾಗಿತ್ತು. ಒಬ್ಬ ತರುಣ ವಕೀಲನು ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಕ್ಕೆ ವಿಮಾನದಲ್ಲಿ ಹೋಗುತ್ತಲೂ ಎಡೆಬಿಡದೆ ದುಡಿದು, ಗಡಿಯಾರದ ಮೂರು ಗಂಟೆಯ ಅಂತರವನ್ನೂ ಸೇರಿಸಿ ಒಂದೇ ದಿನಕ್ಕೆ 27 ಗಂಟೆಗಳ ಕೂಲಿ ಬರೆದನೆಂಬ ಕಥೆಯು ವಕೀಲರಲ್ಲಿ ಪ್ರಚಲಿತವಾಗಿದೆ. ಕಡೆಗೆ 1982ನೆಯ ಜನವರಿ 8ರಲ್ಲಿ ಸರಕಾರವೇ ತನ್ನ ದಾವೆಯಲ್ಲಿ ಹುರುಳಿಲ್ಲವೆಂದು ಅದನ್ನು ಹಿಂತೆಗೆದುಕೊಂಡಿತು. ಹದಿಮೂರು ವರ್ಷಗಳ ವ್ಯವಹಾರವು ಸಾಧ್ಯಸಿದ್ಧಿಯೆಂಬ ಪಾದವನ್ನು ಮುಟ್ಟಲೇ ಇಲ್ಲ.

ಇದನ್ನು ಜಯವೆನ್ನಬಹುದೆ? ಸಾಹಸ, ಸ್ತೇಯ ಮೊದಲಾದುವುಗಳಲ್ಲಿ ಉತ್ತರವನ್ನು ಕೂಡಲೇ ಹೇಳಿಸಬೇಕು, ಉಳಿದೆಡೆಗಳಲ್ಲಿ ಕಾಲವನ್ನು ಕೊಡಬಹುದು ಎಂದು ಯಾಜ್ಞವಲ್ಕ್ಯನು ವಿಧಿಸುವಾಗ ಕಾಲಾವಕಾಶವೇ ಒಂದು ಆಯುಧವಾದೀತೆಂಬ ಶಂಕೆಯು ಹಿನ್ನೆಲೆಯಲ್ಲಿದೆ. ಆದರೂ ವಿಳಂಬದ ದೋಷವನ್ನೆಲ್ಲ ಬಾರನ ಪಡೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಸರಕಾರವು ತನ್ನ ಪಕ್ಷದ ಸಾಕ್ಷ್ಯವನ್ನು ಮುಗಿಸುವುದಕ್ಕೇ ಸುಮಾರು ಮೂರು ವರ್ಷ ತೆಗೆದುಕೊಂಡಿತು. ಅಷ್ಟರಲ್ಲಿ ಹೊಸ ಕಂಪೆನಿಗಳೂ ಸಣ್ಣ ಗಣಕಗಳೂ ಬಂದು ವ್ಯಾಪಾರದ ಸ್ವರೂಪವೇ ಬದಲಾಗಿತ್ತು. ಕಂಪೆನಿಯ ವಕೀಲರ ಕೌಶಲವು ಜೂರಿಗಳ ಮುಂದೆಯೂ ಪರೀಕ್ಷೆಗೆ ಬಂದಿತ್ತೆಂಬುದನ್ನು ಮರೆಯಬಾರದು. ಕ್ಯಾಲ್‌ಕಾಂಪ್ ಕಂಪೆನಿಯ ದಾವೆಯಲ್ಲಿ 1977ರಲ್ಲಿ ವಾದಿಯ ಸಾಕ್ಷ್ಯವು ಮುಗಿದೊಡನೆಯೇ ನ್ಯಾಯಾಧೀಶನು, ಜೂರಿಗೆ ಒಪ್ಪಿಸತಕ್ಕ ವಿಷಯವೇ ಇಲ್ಲವೆಂದು ಐ.ಬಿ.ಎಂ.ಗೆ ಜಯವಿತ್ತನು. ಅಲ್ಲಿ ಮುಂದಾಗಿ ನಿಂತವನು ಡೇವಿಡ್ ಬಾಯ್ಸ್ ಎಂಬ ತರುಣ ಪಾಲುದಾರ.

ಸಂಸ್ಥೆಯ ಪ್ರಸಿದ್ಧಿಯು ಪರಾಕಾಷ್ಠೆಗೆ ಬಂದುದು 1984-85ರ ಚಳಿಗಾಲದಲ್ಲಿ. ನ್ಯೂಯಾರ್ಕಿನ ಒಂದೇ ನ್ಯಾಯಾಲಯದಲ್ಲಿ ಇಬ್ಬರು ಸೇನಾಪತಿಗಳು ಮಾನನಷ್ಟದ ದಾವೆ ಹೂಡಿದ್ದರು. ಇಸ್ರೇಲಿನ ಏರಿಯಲ್ ಷರೋನನು ಟೈಂ ಪತ್ರಿಕೆಯ ಮೇಲೆ, ವಿಯಟ್ನಾಂ ಯುದ್ಧದ ಜನರಲ್ ವೆಸ್ಟ್‌ಮೋರ್‌ಲ್ಯಾಂಡನು ಸಿ.ಬಿ.ಎಸ್. ಪ್ರಸಾರ ಸಂಸ್ಥೆಯ ಮೇಲೆ. ಪ್ರತಿವಾದಿಗಳಿಬ್ಬರ ಪರವಾಗಿಯೂ ಕ್ರವಾತ್ ಮನೆಯವರೇ: ಮೊದಲನೆಯದರಲ್ಲಿ ಬಾರ್, ಎರಡನೆಯದರಲ್ಲಿ ಬಾಯ್ಸ್. ಟೈಂ ಬರೆದುದು ಸುಳ್ಳು, ಮಾನಹಾನಿಕರ ಎಂದು ಜೂರಿಯು ಹೇಳಿತು. ಆದರೆ ಸುಳ್ಳೆಂದು ತಿಳಿದೂ ಬರೆದುದಲ್ಲವಾದ ಕಾರಣ ಪರಿಹಾರವಿಲ್ಲವೆಂದಿತು. ಕಕ್ಷಿಗಾರನು ದಂಡದಿಂದ ಪಾರಾದನು, ಅಪಕೀರ್ತಿಯಿಂದ ಪಾರಾಗಲಿಲ್ಲ. ಬಾಯ್ಸನ ರೀತಿ ಬೇರೆ. ಅಕ್ಷರಗಳನ್ನು ಸುಲಭವಾಗಿ ಓದಲಾರದ ಒಂದು ನ್ಯೂನತೆಯು ಅವನಿಗೆ ಹುಟ್ಟಿನಿಂದ ಇದ್ದುದರಿಂದ ಅವನು ಎಲ್ಲವನ್ನೂ ಧಾರಣಶಕ್ತಿಯಿಂದಲೇ ನಡೆಸುತ್ತಿದ್ದನು. ಟಿಪ್ಪಣಿಯಿಲ್ಲದೆ ಪಾಟೀಸವಾಲು ಮಾಡುತ್ತಿದ್ದನು. ಶ್ರುತಿಯನ್ನು ಕಂಠದಲ್ಲಿ ಕಾಪಾಡಿಕೊಂಡು ಬಂದ ನಾಡಿನವರಿಗೆ ಇದು ಅದ್ಭುತವಲ್ಲವಾದರೂ ಅಲ್ಲಿಯವರಿಗೆ ಅದ್ಭುತವಾಯಿತು. ಶತ್ರುಬಲದ ಲೆಕ್ಕವನ್ನು ಜನರಲ್ಲನು ಮರೆಮಾಚಿದನೆಂಬುದು ಸಿ.ಬಿ.ಎಸ್.ನ ಹೇಳಿಕೆ. ಅವನ ಕೈಕೆಳಗೆ ಬೇಹಿನ ಅಧಿಕಾರಿಗಳಾಗಿದ್ದ ಮೆಕ್‌ಕ್ರಿಸ್ಚನ್ ಮತ್ತು ಹಾಕಿನ್ಸ್ ಎಂಬವರೇ ಸಿ.ಬಿ.ಎಸ್. ಪರವಾಗಿ ಸಾಕ್ಷ್ಯ ನುಡಿದರು. ಹನ್ನೆರಡು ಕೋಟಿ ಡಾಲರು ಬೇಡಿದ್ದ ವಾದಿಯು 1985ರ ಫೆಬ್ರವರಿಯಲ್ಲಿ, ಜೂರಿಯ ಕೈಗೆ ಹೋಗುವ ಮೊದಲೇ, ದಾವೆಯನ್ನು ಬಿಟ್ಟನು.

ಕೀರ್ತಿಯ ಪ್ರಶ್ನೆಯು ಇಲ್ಲಿಂದ ಮುಂದೆ ಜಟಿಲವಾಗುತ್ತದೆ. ಕ್ರವಾತ್ ಪದ್ಧತಿಯಲ್ಲಿ ಹೆಸರು ಮನೆಯದು; ಪತ್ರಿಕೆಗಳಾದರೋ ಬಾಯ್ಸನ ಹೆಸರನ್ನೇ ಬರೆದುವು. 1997ರಲ್ಲಿ ಅವನು ಬೇಸ್‌ಬಾಲ್ ಆಟದ ಯಾಂಕೀಸ್ ತಂಡದ ಪರವಾಗಿ ಇತರ ತಂಡಗಳ ಒಕ್ಕೂಟದ ಮೇಲೆ ದಾವೆ ತಂದನು. ಆ ಒಕ್ಕೂಟದ ಒಂದು ತಂಡದ ಒಡೆತನವು ಸಂಸ್ಥೆಯ ಹಳೆಯ ಕಕ್ಷಿಗಾರನಾದ ಟೈಂ ವಾರ್ನರ್ ಕಂಪೆನಿಯದು. ಮನೆಯ ಕಕ್ಷಿಗಾರನೋ ವ್ಯಕ್ತಿಯ ಕಕ್ಷಿಗಾರನೋ ಎಂಬ ಇಕ್ಕಟ್ಟಿನಲ್ಲಿ ಬಾಯ್ಸನು ಮನೆಯನ್ನೇ ಬಿಟ್ಟನು. ಮರುವರ್ಷ ಅವನು ಅಮೆರಿಕಾ ಸರಕಾರದ ಪರವಾಗಿ, ಐ.ಬಿ.ಎಂ.ಗಾಗಿ ತಾನು ಹಿಂದೆ ಎದುರಿಸಿದ್ದ ಏಕಸ್ವಾಮ್ಯ ನಿರೋಧದ ಶಾಸನವನ್ನೇ ಹಿಡಿದು ಮೈಕ್ರೋಸಾಫ್ಟ್ ಕಂಪೆನಿಯ ಮೇಲೆ ಹೋದನು. ವಿಚಾರಣೆಗೆ ಮುಂಚೆ ಬಿಲ್ ಗೇಟ್ಸನಿಂದ ಪಡೆದ ಹೇಳಿಕೆಯನ್ನು ಚಿತ್ರರೂಪದಲ್ಲಿ ತುಂಡುತುಂಡಾಗಿ ನ್ಯಾಯಾಲಯದಲ್ಲಿ ತೋರಿಸಿದುದೇ ಅವನ ಮುಖ್ಯಾಸ್ತ್ರವಾಯಿತು. ಐದನೆಯ ಪಾದದ ಪ್ರಯೋಗವನ್ನು ಅವನು ಕಲಿತುದು ಕ್ರವಾತ್ ಮನೆಯಲ್ಲಿ. ಅದನ್ನು ಮೆರೆಸಿದುದು ಹೊರಗೆ.

ಬಾಯ್ಸನು ಹೋದುದರಿಂದ ಮನೆ ಬರಿದಾಗಲಿಲ್ಲ. 2018ರಲ್ಲಿ ಇವಾನ್ ಚೆಸ್ಲರನು ಅಮೆರಿಕನ್ ಎಕ್ಸ್‌ಪ್ರೆಸ್ ಕಂಪೆನಿಯ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ಐವರು ನ್ಯಾಯಾಧೀಶರ ಬಹುಮತವನ್ನು ಪಡೆದನು. ಬಳಿಕ ಎಪಿಕ್ ಎಂಬ ಆಟಗಳ ಕಂಪೆನಿಯ ದಾವೆಗಳಲ್ಲಿ ಈ ಸಂಸ್ಥೆಯು ಏಕಸ್ವಾಮ್ಯವನ್ನು ಎದುರಿಸುವ ವಾದಿಯ ಕಡೆಗೆ ನಿಂತಿತು. 2021ರಲ್ಲಿ ಆಪಲ್ ಕಂಪೆನಿಯ ವಿರುದ್ಧ ಬಹುಭಾಗ ಸೋತು, 2023ರ ಡಿಸೆಂಬರಿನಲ್ಲಿ ಗೂಗಲ್ ಕಂಪೆನಿಯ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೋದ ಜೂರಿಯಿಂದ ಪೂರ್ಣ ಜಯವನ್ನು ಪಡೆಯಿತು. ಈ ಎರಡು ತೀರ್ಪುಗಳ ನಡುವೆ, 2021ರ ಕೊನೆಯಲ್ಲಿ, ಲಾಭವನ್ನು ಕೇವಲ ಹಿರಿತನದ ಮೇಲೆ ಹಂಚುವ ಹಳೆಯ ನಿಯಮವನ್ನು ಪಾಲುದಾರರು ಸಡಿಲಿಸಿ, ಒಬ್ಬೊಬ್ಬನ ಸಾಧನೆಗೂ ಸ್ವಲ್ಪ ಎಡೆಯನ್ನು ಕೊಟ್ಟರು.