ಜೆನೆವಿಯೆವ್‌ಳನ್ನು ಹೊರಹಾಕಿದ ಮನೆ

ಪ್ಯಾರಿಸ್‌ನ ಪ್ಯಾಂಥಿಯನ್ ಕಟ್ಟಡದ ಮುಂಭಾಗದಲ್ಲಿ, ಕಂಬಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಸಾಲು ಕೆತ್ತಿದ್ದಾರೆ. ಕನ್ನಡಕ್ಕೆ ತಂದರೆ ‘ಮಹಾಪುರುಷರಿಗೆ, ಕೃತಜ್ಞ ತಾಯ್ನಾಡು’ ಎಂದಾಗುತ್ತದೆ. ಫ್ರೆಂಚಿನ ಮೂಲ ಪದಕ್ಕೆ ಗಂಡಸು ಎಂಬ ಅರ್ಥವೂ ಇದೆ, ಮನುಷ್ಯ ಎಂಬ ಅರ್ಥವೂ ಇದೆ. ಅನುವಾದಕರಿಗೆ ಇಂಥ ಕಡೆ ಸಾಮಾನ್ಯವಾಗಿ ತಲೆನೋವು ಶುರುವಾಗುತ್ತದೆ. ಇಲ್ಲಿ ಮಾತ್ರ ಆ ಕಷ್ಟವಿಲ್ಲ, ಏಕೆಂದರೆ ನಮ್ಮ ‘ಮಹಾಪುರುಷ’ ಕೂಡ ಅದೇ ಇಬ್ಬಂದಿಯ ಪದ.

ಆದರೆ ಆ ಸಾಲನ್ನು ಓದಿ ಒಳಗೆ ಹೋದವರಿಗೆ ಗೋಡೆಯ ಮೇಲೆ ಕಾಣುವುದು ಒಬ್ಬ ಹೆಂಗಸಿನ ಬದುಕು. ಒಂದು ಕಡೆ ಆಕೆ ಎಳೆ ಹುಡುಗಿ, ಬಿಷಪ್ ಒಬ್ಬರು ಅವಳ ತಲೆಯ ಮೇಲೆ ಕೈಯಿಟ್ಟಿದ್ದಾರೆ. ಇನ್ನೊಂದು ಕಡೆ ಮುದುಕಿ, ರಾತ್ರಿ ಹೊತ್ತು ಮಾಳಿಗೆಯ ಅಂಚಿನಲ್ಲಿ ನಿಂತು ಮಲಗಿರುವ ಊರನ್ನು ನೋಡುತ್ತಿದ್ದಾಳೆ. ಚಿತ್ರಕಾರ ಪ್ಯೂವಿ ದ ಶಾವಾನ್. ಆ ಹೆಂಗಸು ಸಂತ ಜೆನೆವಿಯೆವ್. ನೆಲಮಾಳಿಗೆಯಲ್ಲಿರುವ ವಾಲ್ಟೇರ್, ರೂಸೋ, ವಿಕ್ಟರ್ ಹ್ಯೂಗೋ ಇವರೆಲ್ಲರ ಸಮಾಧಿಯ ಮೇಲೆ ಈಕೆ ಯಾಕೆ ನಿಂತಿದ್ದಾಳೆ ಎಂದು ಕೇಳಿದರೆ ಉತ್ತರ ಸರಳ: ಈ ಮನೆ ಅವಳದ್ದು. ಕಟ್ಟಿದ್ದು ಅವಳಿಗಾಗಿ. ಪೂರ್ತಿಯಾಗುತ್ತಿದ್ದಂತೆ ಅವಳನ್ನು ಹೊರಗೆ ಹಾಕಿದರು.

ಆಕೆ ಹುಟ್ಟಿದ್ದು ಸುಮಾರು ಕ್ರಿ.ಶ. 420ರಲ್ಲಿ, ಪ್ಯಾರಿಸ್‌ನ ಪಕ್ಕದ ನಾಂತೇರ್‌ನಲ್ಲಿ. ರೋಮನ್ ಸಾಮ್ರಾಜ್ಯ ಪಶ್ಚಿಮದಲ್ಲಿ ಕುಸಿಯುತ್ತಿದ್ದ ಕಾಲ. ಬ್ರಿಟನ್ನಿಗೆ ಹೊರಟಿದ್ದ ಒಸೇರ್‌ನ ಬಿಷಪ್ ಜರ್ಮಾನುಸ್ ದಾರಿಯಲ್ಲಿ ಈ ಹುಡುಗಿಯನ್ನು ಕಂಡು, ಇವಳು ದೇವರ ಕೆಲಸಕ್ಕೆ ಸೇರಿದವಳು ಎಂದರಂತೆ. 451ರಲ್ಲಿ ಅಟಿಲನ ಹೂಣರ ಪಡೆ ಗಾಲ್ ಪ್ರಾಂತ್ಯಕ್ಕೆ ನುಗ್ಗಿತು. ಪ್ಯಾರಿಸ್‌ನ ಉಳ್ಳವರು ಗಂಟುಮೂಟೆ ಕಟ್ಟತೊಡಗಿದರು. ಜೆನೆವಿಯೆವ್ ಹೆಂಗಸರನ್ನು ಸೇರಿಸಿ ಉಪವಾಸ, ಪ್ರಾರ್ಥನೆಗೆ ಕೂರಿಸಿದಳು. ಊರು ಬಿಡಬೇಡಿ, ಇಲ್ಲೇ ಕ್ಷೇಮ ಎಂದಳು. ಇದನ್ನು ಕೇಳಿ ಗಂಡಸರಿಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಭವಿಷ್ಯ ಹೇಳುವವಳು ಎಂದು ಕಲ್ಲು ಹೊಡೆದು ಸಾಯಿಸುವ, ಇಲ್ಲವೇ ನೀರಿಗೆ ನೂಕುವ ಮಾತಾಡಿದರು. ಅಷ್ಟರಲ್ಲಿ ಅಟಿಲ ಪ್ಯಾರಿಸ್ಸನ್ನು ಬಿಟ್ಟು ಓರ್ಲಿಯಾನ್ ಕಡೆಗೆ ಹೋದ. ಪ್ಯಾರಿಸ್ ಆಗ ಸಣ್ಣ ಊರು, ಅವನ ಕಣ್ಣು ಅದರ ಮೇಲೆ ಇತ್ತೋ ಇಲ್ಲವೋ. ಊರು ಉಳಿಯಿತು, ಹೆಸರು ಆಕೆಗೆ ಬಂತು.

ನನಗೆ ಮಾತ್ರ ಇದಕ್ಕಿಂತ ಮುಂದಿನ ಕತೆಯೇ ಹೆಚ್ಚು ತೂಕದ್ದು. ಕೆಲವು ವರ್ಷಗಳ ಮೇಲೆ ಫ್ರಾಂಕ್ ಜನರು ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದರು. ಊರಲ್ಲಿ ಕಾಳಿಲ್ಲ, ಜನ ಹಸಿವಿನಿಂದ ಬೀಳುತ್ತಿದ್ದರು. ಜೆನೆವಿಯೆವ್ ದೋಣಿಗಳನ್ನು ಹೊರಡಿಸಿ, ಸೇನ್ ನದಿಯಲ್ಲಿ ಮೇಲಕ್ಕೆ ಹೋಗಿ, ಓಬ್ ತೀರದ ಆರ್ಸಿಯವರೆಗೂ ಅಲೆದು ಧಾನ್ಯ ತುಂಬಿಸಿಕೊಂಡು ಬಂದಳು. ಬಂದದ್ದನ್ನು ಹಂಚಿದ ರೀತಿಯನ್ನೂ ಆಕೆಯ ಚರಿತ್ರೆ ಹೇಳುತ್ತದೆ. ಶಕ್ತಿಯಿದ್ದವರಿಗೆ ಕಾಳು ಕೊಟ್ಟರು, ಬೇಯಿಸಿಕೊಳ್ಳಲೂ ಗತಿಯಿಲ್ಲದವರಿಗೆ ರೊಟ್ಟಿ ಸುಟ್ಟು ಕೊಟ್ಟರು. ಈ ಚರಿತ್ರೆಯನ್ನು ಲ್ಯಾಟಿನ್‌ನಲ್ಲಿ ಬರೆದದ್ದು ಸುಮಾರು 520ರಲ್ಲಿ, ಆಕೆ ಸತ್ತ ಕೆಲವೇ ವರ್ಷಗಳಲ್ಲಿ. ಪವಾಡಗಳು ಅದರಲ್ಲಿ ಬೇಕಾದಷ್ಟಿವೆ. ಆದರೆ ಕಾಳನ್ನೂ ರೊಟ್ಟಿಯನ್ನೂ ಬೇರೆ ಬೇರೆ ಮಾಡಿ ಹಂಚಿದ ವಿವರದಲ್ಲಿ ಪವಾಡ ಏನೂ ಇಲ್ಲ. ಅದಕ್ಕೇ ನಂಬಬೇಕೆನಿಸುತ್ತದೆ.

ನಂತರದ ಶತಮಾನಗಳ ಚಿತ್ರಗಳು ಆಕೆಯನ್ನು ಕುರಿ ಕಾಯುವ ಬಡ ಹುಡುಗಿ ಮಾಡಿದವು. ಹಳೆಯ ಚರಿತ್ರೆಯಲ್ಲಿ ಕುರಿಯ ಸುದ್ದಿಯೇ ಇಲ್ಲ. ಮೋ ಊರಿನ ಬಳಿ ಆಕೆಗೆ ಸ್ವಂತ ಹೊಲ ಇತ್ತು, ಕೊಯ್ಲಿನ ಕಾಲಕ್ಕೆ ತಾನೇ ಹೋಗಿ ನಿಲ್ಲುತ್ತಿದ್ದಳು. ದೋಣಿ ಹೊರಡಿಸಿ, ಧಾನ್ಯ ಕೊಂಡು ತರಲು ಹಣವೂ ಬೇಕು, ಮಾತು ನಡೆಯುವ ಅಂತಸ್ತೂ ಬೇಕು. ಆಸ್ತಿಯಿದ್ದ, ಜೋರಿದ್ದ ಹೆಂಗಸನ್ನು ಮುಗ್ಧ ಕುರಿಗಾಹಿಯಾಗಿ ಮಾಡಿದರೆ ಪೂಜೆ ಮಾಡುವುದು ಸುಲಭವಾಗುತ್ತದೆ ಎಂದು ಕಾಣುತ್ತದೆ.

ಇನ್ನು ಹೆಸರು. ಲ್ಯಾಟಿನ್ ಬರಹದಲ್ಲಿ ಅದು ‘ಗೆನೊವೇಫ’. ಇದು ಜರ್ಮ್ಯಾನಿಕ್ ಮೂಲದ್ದು ಎನ್ನುವವರು ‘ಕುಲ’ ಮತ್ತು ‘ಹೆಂಗಸು’ ಎಂಬ ಎರಡು ಪದ ಬಿಡಿಸಿ ತೋರಿಸುತ್ತಾರೆ. ಎರಡನೆಯದು ಇಂಗ್ಲಿಷಿನ ವೈಫ್‌ನ ಬಳಗದ್ದು. ಗಾಲ್ ನಾಡಿನ ಕೆಲ್ಟಿಕ್ ಮೂಲ ಎನ್ನುವವರು ಎರಡನೆಯ ಭಾಗವನ್ನು ಒಪ್ಪುವುದಿಲ್ಲ. ಜಗಳ ಬಗೆಹರಿದಿಲ್ಲ. ಆದರೆ ಎರಡೂ ಪಕ್ಷದವರ ಮೊದಲ ಭಾಗ ಹೋಗಿ ನಿಲ್ಲುವುದು ಒಂದೇ ಇಂಡೋ-ಯುರೋಪಿಯನ್ ಧಾತುವಿನಲ್ಲಿ. ‘ಹುಟ್ಟು’ ಎಂಬ ಅರ್ಥದ ಆ ಧಾತುವಿನಿಂದಲೇ ಸಂಸ್ಕೃತದ ಜನ, ಜನನಿ, ಜನ್ಮ ಬಂದವು, ಸಂಸ್ಕೃತದಿಂದ ನಮಗೆ. ನಾವು ದಿನಕ್ಕೆ ಹತ್ತು ಸಲ ‘ಎಷ್ಟು ಜನ ಬಂದಿದ್ರು?’ ಎಂದು ಕೇಳುವಾಗ ಬರುವ ‘ಜನ’, ಜೆನೆವಿಯೆವ್‌ಳ ‘ಜೆನ್’ಗೆ ದೂರದ ಸಂಬಂಧಿ. ಹಾಗೆಂದು ಕಿವಿಗೆ ಒಂದೇ ಥರ ಕೇಳಿದ್ದೆಲ್ಲ ನೆಂಟರಲ್ಲ: ಜಿನೀವಾ ನಗರಕ್ಕೂ ಈ ಸಂತಳಿಗೂ ಸಂಬಂಧವಿಲ್ಲ, ಆ ಹೆಸರು ಆಕೆಗಿಂತ ಎಷ್ಟೋ ಹಳೆಯದು.

ಆಕೆಯನ್ನು ಹೂಳಿದ್ದು ಸೇನ್ ನದಿಯ ಎಡದಂಡೆಯ ಗುಡ್ಡದ ಮೇಲೆ. ದೊರೆ ಕ್ಲೋವಿಸ್ ಮತ್ತು ರಾಣಿ ಕ್ಲೋಟಿಲ್ಡ್ ಅಲ್ಲಿ ಇಗರ್ಜಿ ಕಟ್ಟಿಸಿದರು. ಕ್ರಮೇಣ ಇಗರ್ಜಿಗೂ ಗುಡ್ಡಕ್ಕೂ ಆಕೆಯ ಹೆಸರೇ ನಿಂತಿತು. ಪಕ್ಕದಲ್ಲಿ ಮಠ ಬೆಳೆಯಿತು. ಪ್ಯಾರಿಸ್ಸಿನಲ್ಲಿ ಮಳೆ ಹೋದರೆ, ನೆರೆ ಬಂದರೆ, ರೋಗ ಹರಡಿದರೆ ಆಕೆಯ ಅಸ್ಥಿಯ ಪೆಟ್ಟಿಗೆಯನ್ನು ಕೆಳಗಿಳಿಸಿ ಮೆರವಣಿಗೆ ಹೊರಡಿಸುತ್ತಿದ್ದರು. ಮಳೆಗಾಗಿ ಊರ ದೇವರನ್ನು ಹೊತ್ತು ಹೊರಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಉರಿರೋಗವೊಂದು ಊರನ್ನು ಸುಟ್ಟಿತು. ರೈ ಧಾನ್ಯದ ತೆನೆಗೆ ಹತ್ತುವ ಒಂದು ಬೂಷ್ಟಿನ ವಿಷ ರೊಟ್ಟಿಯ ಮೂಲಕ ಮೈಗೆ ಸೇರಿ, ಕೈಕಾಲು ಉರಿದು ಕಪ್ಪಾಗುವ ರೋಗ. ಆಗಲೂ ಪೆಟ್ಟಿಗೆ ಹೊರಟಿತು. ರೊಟ್ಟಿ ಹಂಚಿದವಳನ್ನು ರೊಟ್ಟಿಯೇ ತಂದ ರೋಗಕ್ಕೆ ಕರೆದರು, ಆ ಕಾರಣ ಆಗ ಯಾರಿಗೂ ತಿಳಿಯದೆ.

1744ರಲ್ಲಿ ಹದಿನೈದನೆಯ ಲೂಯಿ ಮೆಟ್ಸ್ ಊರಿನಲ್ಲಿ ಸಾಯುವಷ್ಟು ಕಾಯಿಲೆ ಬಿದ್ದ. ಬದುಕಿದರೆ ಜೆನೆವಿಯೆವ್‌ಗೆ ಹೊಸ ಇಗರ್ಜಿ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತ. ಬದುಕಿದ. ವಾಸ್ತುಶಿಲ್ಪಿ ಸೂಫ್ಲೋಗೆ ಕೆಲಸ ಒಪ್ಪಿಸಿದ, 1764ರಲ್ಲಿ ತಾನೇ ಅಡಿಗಲ್ಲು ಇಟ್ಟ. ಸೂಫ್ಲೋ 1780ರಲ್ಲಿ ತೀರಿಕೊಂಡ. ಕಟ್ಟಡ ಮುಗಿಯುವ ಹೊತ್ತಿಗೆ ಕ್ರಾಂತಿ ಶುರುವಾಗಿತ್ತು. 1791ರ ಏಪ್ರಿಲ್‌ನಲ್ಲಿ ಮಿರಾಬೋ ಸತ್ತಾಗ ರಾಷ್ಟ್ರೀಯ ಸಭೆ, ಹೊಸ ಇಗರ್ಜಿ ಇನ್ನು ಮುಂದೆ ದೇಶದ ಮಹಾಪುರುಷರ ಸಮಾಧಿ ಎಂದು ತೀರ್ಮಾನಿಸಿತು. 1793ರ ಕೊನೆಯಲ್ಲಿ ಆಕೆಯ ಪೆಟ್ಟಿಗೆಯನ್ನು ಟಂಕಸಾಲೆಗೆ ಒಯ್ದು ಕರಗಿಸಿದರು. ಮೂಳೆಗಳನ್ನು ಗ್ರೆವ್ ಚೌಕದಲ್ಲಿ, ಅಪರಾಧಿಗಳಿಗೆ ಮರಣದಂಡನೆ ಕೊಡುತ್ತಿದ್ದ ಜಾಗದಲ್ಲೇ, ಸುಟ್ಟು ಬೂದಿಯನ್ನು ಸೇನ್ ನದಿಗೆ ಚೆಲ್ಲಿದರು. ಯಾವ ನದಿಯಲ್ಲಿ ಧಾನ್ಯ ತಂದಿದ್ದಳೋ ಅದೇ ನದಿ.

ಆಮೇಲೆ ಆ ಕಟ್ಟಡಕ್ಕೆ ನೆಮ್ಮದಿ ಇರಲಿಲ್ಲ. ನೆಪೋಲಿಯನ್ ಮತ್ತೆ ಇಗರ್ಜಿ ಮಾಡಿದ. 1830ರ ಕ್ರಾಂತಿ ಮತ್ತೆ ಪ್ಯಾಂಥಿಯನ್ ಮಾಡಿತು. 1851ರಲ್ಲಿ ಮತ್ತೆ ಇಗರ್ಜಿ. 1885ರಲ್ಲಿ ಹ್ಯೂಗೋ ಸತ್ತಾಗ ಅವನ ಶವಕ್ಕಾಗಿ ಕೊನೆಯ ಸಲ ಪ್ಯಾಂಥಿಯನ್. ಪ್ಯೂವಿಗೆ ಚಿತ್ರದ ಕೆಲಸ ವಹಿಸಿದ್ದು 1874ರಲ್ಲಿ, ಕಟ್ಟಡ ಇಗರ್ಜಿಯಾಗಿದ್ದ ಕಾಲದಲ್ಲಿ. ಆತ ಮುಗಿಸಿದ್ದು ಪ್ಯಾಂಥಿಯನ್ ಆದ ಮೇಲೆ, 1898ರ ಹೊತ್ತಿಗೆ. ಹೀಗಾಗಿ ಮನೆಯಿಂದ ಹೋದವಳು ಗೋಡೆಯಲ್ಲಿ ಉಳಿದಳು. ಮಠದ ಆವರಣ ಈಗ ಆನ್ರಿ-ಕಾತ್ರ್ ಎಂಬ ಶಾಲೆ. ಮಠದ ಪುಸ್ತಕ ಭಂಡಾರ ಎದುರಿಗೇ ಹೊಸ ಕಟ್ಟಡಕ್ಕೆ ಹೋಯಿತು. ಲಾಬ್ರೂಸ್ತ್ ಕಟ್ಟಿದ, 1851ರಲ್ಲಿ ತೆರೆದ ಆ ಸೇಂಟ್-ಜೆನೆವಿಯೆವ್ ಗ್ರಂಥಾಲಯದ ಓದುಕೋಣೆಯ ಕಬ್ಬಿಣದ ಕಮಾನುಗಳನ್ನು ವಾಸ್ತುಶಿಲ್ಪ ಓದಿದವರೆಲ್ಲ ಚಿತ್ರದಲ್ಲಾದರೂ ನೋಡಿರುತ್ತಾರೆ. ಹೊರಗೋಡೆಯ ಮೇಲೆ 810 ಲೇಖಕರ ಹೆಸರು ಕೆತ್ತಿದ್ದಾರೆ.

ಪ್ಯಾರಿಸ್ಸಿನಲ್ಲಿ ಈ ಹಗ್ಗಜಗ್ಗಾಟ ನಡೆಯುವ ಮೊದಲೇ ಆಕೆಯ ಹೆಸರು ಸಮುದ್ರ ದಾಟಿತ್ತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಫ್ರೆಂಚ್ ಕೆನಡಾ ಮೂಲದ ರೈತರು ಮಿಸಿಸಿಪ್ಪಿ ನದಿಯ ಪಶ್ಚಿಮ ದಡದಲ್ಲಿ ನೆಲೆಯೂರಿ ಊರಿಗೆ ಸೇಂಟ್ ಜೆನೆವಿಯೆವ್ ಎಂದು ಹೆಸರಿಟ್ಟರು. ಇಂದಿನ ಮಿಸೌರಿ ರಾಜ್ಯದಲ್ಲಿ ಯುರೋಪಿಯನ್ನರ ಅತಿ ಹಳೆಯ ಕಾಯಂ ನೆಲೆ ಅದು. ಗೋಧಿ, ಉಪ್ಪು, ಸೀಸ ಅದರ ಬದುಕು. ಅದರ ದುಡಿಮೆಯ ದೊಡ್ಡ ಪಾಲು ಗುಲಾಮರದ್ದು. ಪ್ರವಾಸಿಗರಿಗೆ ತೋರಿಸುವ ಚೆಂದದ ಹಳೆ ಮನೆಗಳನ್ನು ನೋಡುವಾಗ ಇದನ್ನು ನೆನಪಿಡಬೇಕು. ಊರಿಗೆ ಒಂದು ಅಡ್ಡಹೆಸರೂ ಇತ್ತು, ‘ಮಿಝೇರ್’, ಅಂದರೆ ದಾರಿದ್ರ್ಯ. ಮೇಲ್ಗಡೆಯ ಸೇಂಟ್ ಲೂಯಿಸ್‌ಗೆ ಇನ್ನೊಂದು: ‘ರೊಟ್ಟಿ ಸಾಲದ ಊರು’. 1785ರ ಮಹಾಪೂರ ಹಳೆಯ ಊರನ್ನು ಮುಳುಗಿಸಿತು, ಜನ ಎತ್ತರದ ಜಾಗಕ್ಕೆ ಹೋದರು. ಮರದ ಕಂಬಗಳನ್ನು ನೇರವಾಗಿ ನೆಲಕ್ಕೆ ಹೂತು ಗೋಡೆ ಎಬ್ಬಿಸಿದ, ಉತ್ತರ ಅಮೆರಿಕದಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಮನೆಗಳಲ್ಲಿ ಕೆಲವು ಅಲ್ಲಿವೆ.

ಆ ಊರು ಫ್ರಾನ್ಸಿನಿಂದ ಸ್ಪೇನಿಗೆ, ಮತ್ತೆ ಫ್ರಾನ್ಸಿಗೆ, 1803ರಲ್ಲಿ ಅಮೆರಿಕಕ್ಕೆ ಕೈಬದಲಾಯಿತು. ಫ್ರೆಂಚ್ ಮಾತು ಮೊಮ್ಮಕ್ಕಳ ಬಾಯಿಂದ ಕಳಚಿತು. ಪ್ಯಾರಿಸ್ಸಿನವರು ‘ಝನ್‌ವ್ಯೆವ್’ ಎನ್ನುವುದನ್ನು ಇಲ್ಲಿ ‘ಜೆನವೀವ್’ ಎನ್ನುತ್ತಾರೆ, ಅವಸರದಲ್ಲಿ ಬರೀ ‘ಸೇಂಟ್ ಜೆನ್’. ಆದರೂ ಹೊಸ ವರ್ಷದ ಹಿಂದಿನ ರಾತ್ರಿ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಹಾಡುವ ‘ಲಾ ಗಿಯಾನೆ’ ಉಳಿದುಬಂದಿದೆ. ಆಡುಮಾತು ಸತ್ತ ಮೇಲೂ ಹಾಡಿನಲ್ಲಿ ಫ್ರೆಂಚ್ ಇದೆ. ಮುಂಬೈ, ಪುಣೆಯಲ್ಲಿ ಬೆಳೆದ ಕನ್ನಡದ ಮಕ್ಕಳು ಬರೆಯಲು ಬಾರದ ಭಾಷೆಯಲ್ಲಿ ದೇವರನಾಮ ಬಾಯಿಪಾಠ ಹೇಳುವುದನ್ನು ಕೇಳಿದವರಿಗೆ ಇದು ವಿಚಿತ್ರ ಅನ್ನಿಸದು.

ಚೆನ್ನೈ ಓದುಗರಿಗೆ ಹತ್ತಿರದ ಇನ್ನೊಬ್ಬ ಜೆನೆವಿಯೆವ್ ಇದ್ದಾಳೆ. ಈಕೆ ಸಂತಳಲ್ಲ, ದಂತಕತೆಯ ಬ್ರಬಾಂತ್‌ನ ಜೆನೆವಿಯೆವ್. ಗಂಡ ಯುದ್ಧಕ್ಕೆ ಹೋದಾಗ ಮನೆಯ ಮೇಲ್ವಿಚಾರಕ ಗೋಲೋ ಆಕೆಯ ಮೇಲೆ ಸುಳ್ಳು ಕಳಂಕ ಹೊರಿಸುತ್ತಾನೆ. ಕೊಲ್ಲಲು ಹೋದವರು ಕರುಣೆಯಿಂದ ಕಾಡಿನಲ್ಲಿ ಬಿಟ್ಟು ಬರುತ್ತಾರೆ. ಹೆಣ್ಣುಜಿಂಕೆಯ ಹಾಲಿನಲ್ಲಿ ಮಗು ಬೆಳೆಯುತ್ತದೆ. ಬೇಟೆಗೆ ಬಂದ ಗಂಡನಿಗೆ ಕೊನೆಗೆ ಸತ್ಯ ತಿಳಿಯುತ್ತದೆ. ಸೀತೆಯ ನಾಡಿನಲ್ಲಿ ಈ ಕತೆ ಬೇರುಬಿಡದಿದ್ದರೆ ಆಶ್ಚರ್ಯ. 1953ರಲ್ಲಿ ಇದು ‘ಜೆನೋವಾ’ ಎಂಬ ಸಿನಿಮಾ ಆಯಿತು, ಮಲಯಾಳಂ ಮತ್ತು ತಮಿಳಿನಲ್ಲಿ, ನಾಯಕ ಎಂ.ಜಿ.ಆರ್. ಅದೇ ವರ್ಷ ಇಂಗ್ಲೆಂಡಿನಲ್ಲಿ ‘ಜೆನೆವೀವ್’ ಎಂಬ ಹಾಸ್ಯಚಿತ್ರ ಬಂತು. ಅಲ್ಲಿ ಅದು 1904ರ ಮಾದರಿಯ ಒಂದು ಕಾರಿನ ಹೆಸರು. ಇದೇ ದಂತಕತೆಯನ್ನು ಗೇಲಿ ಮಾಡಿ ಆಫೆನ್‌ಬಾಕ್ ರಚಿಸಿದ ಸಂಗೀತ ನಾಟಕದಲ್ಲಿ ಇಬ್ಬರು ಪೊಲೀಸರ ಹಾಡೊಂದಿದೆ. ಆ ರಾಗವೇ ಮುಂದೆ ಅಮೆರಿಕದ ಮರೀನ್ ಪಡೆಯ ಗೀತೆಯಾಯಿತು.

ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಸೇಂಟ್-ಜೆನೆವಿಯೆವ್-ದೆ-ಬುವಾ ಎಂಬ ಊರನ್ನಂತೂ ರಷ್ಯನ್ನರು ತಮ್ಮದಾಗಿಸಿಕೊಂಡಿದ್ದಾರೆ. ಕ್ರಾಂತಿಯಿಂದ ಓಡಿಬಂದವರಿಗಾಗಿ 1927ರಲ್ಲಿ ಅಲ್ಲೊಂದು ವೃದ್ಧಾಶ್ರಮ ಶುರುವಾಯಿತು, ಅದರ ಬೆನ್ನಿಗೆ ಸ್ಮಶಾನ. ಇವಾನ್ ಬುನಿನ್, ತಾರ್ಕೋವ್‌ಸ್ಕಿ, ನರ್ತಕ ನುರೇಯೆವ್ ಮಲಗಿರುವುದು ಅಲ್ಲೇ.

ಇಷ್ಟೆಲ್ಲ ಹೇಳಿದ್ದು ಒಬ್ಬರ ಹತ್ತಿರ ಬರಲು. ಜೆನೆವಿಯೆವ್ ದ ಗಾಲ್ ಹುಟ್ಟಿದ್ದು 1920ರಲ್ಲಿ, ಜನರಲ್ ದ ಗಾಲ್ ಅವರ ಅಣ್ಣನ ಮಗಳು. ಜರ್ಮನ್ನರು ಫ್ರಾನ್ಸನ್ನು ಆಕ್ರಮಿಸಿದಾಗ ಭೂಗತ ಹೋರಾಟಕ್ಕೆ ಸೇರಿದರು. 1943ರ ಜುಲೈನಲ್ಲಿ ಸಿಕ್ಕಿಬಿದ್ದರು, ಮುಂದಿನ ವರ್ಷ ರಾವೆನ್ಸ್‌ಬ್ರೂಕ್‌ನ ಹೆಂಗಸರ ಯಾತನಾಶಿಬಿರಕ್ಕೆ ಸಾಗಿಸಲ್ಪಟ್ಟರು. ಅಲ್ಲಿ ಅವರು ಒಂದು ಸಂಖ್ಯೆ. ಕೆಲವು ತಿಂಗಳು ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಇಟ್ಟಿದ್ದರು. 1945ರಲ್ಲಿ ಬಿಡುಗಡೆ. ಮದುವೆಯಾಗಿ ಆಂತೋನಿಯೋಜ್ ಎಂಬ ಹೆಸರು ಸೇರಿತು, ನಾಲ್ಕು ಮಕ್ಕಳು. ಅಲ್ಲಿಗೇ ನಿಂತಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ.

1958ರಲ್ಲಿ ಪಾದ್ರಿ ಜೋಸೆಫ್ ವ್ರೆಸಿನ್‌ಸ್ಕಿ ಅವರನ್ನು ನುವಾಸಿ-ಲ-ಗ್ರಾಂಗೆ ಕರೆದೊಯ್ದರು. ಪ್ಯಾರಿಸ್ಸಿನ ಅಂಚಿನ ಕೆಸರಿನಲ್ಲಿ, ಬೋರಲು ಬಟ್ಟಲಿನಂಥ ಗುಡಿಸಲುಗಳಲ್ಲಿ ಮನೆಯಿಲ್ಲದ ಕುಟುಂಬಗಳಿದ್ದವು. ಅಲ್ಲಿನವರ ಮುಖದಲ್ಲಿ ಅವರಿಗೆ ಕಂಡದ್ದು ಶಿಬಿರದ ಸಂಗಾತಿಗಳ ಮುಖ. ಹಸಿವಿಗಿಂತ ಹೆಚ್ಚಾಗಿ ಅವಮಾನದ ಗುರುತು ಅದು. ಸಂಸ್ಕೃತಿ ಮಂತ್ರಿ ಮಾಲ್ರೋ ಅವರ ಕಚೇರಿಯ ಕೆಲಸ ಬಿಟ್ಟರು. 1964ರಿಂದ 1998ರವರೆಗೆ ಎ.ಟಿ.ಡಿ. ಕಾರ್ತ್ ಮೋಂದ್ ಎಂಬ ಬಡವರ ಸಂಘಟನೆಯ ಫ್ರಾನ್ಸ್ ಶಾಖೆಯ ಅಧ್ಯಕ್ಷೆಯಾಗಿದ್ದರು. ಬಡತನಕ್ಕೆ ದಾನ ಮದ್ದಲ್ಲ, ಮನೆ, ಚಿಕಿತ್ಸೆ, ಶಿಕ್ಷಣ ಹಕ್ಕಾಗಬೇಕು, ಹಕ್ಕು ಕಾಯಿದೆಯಲ್ಲಿರಬೇಕು ಎಂಬುದು ಅವರ ಪಟ್ಟು. 1997ರಲ್ಲಿ ಸಂಸತ್ತಿನ ಮುಂದೆ ಮಾತಾಡಿದರು. ಕೆಲವೇ ದಿನಗಳಲ್ಲಿ ಅಧ್ಯಕ್ಷ ಶಿರಾಕ್ ಸಂಸತ್ತನ್ನೇ ವಿಸರ್ಜಿಸಿದರು. ಎಪ್ಪತ್ತಾರರ ಹೆಂಗಸು ಮತ್ತೆ ಮೊದಲಿಂದ ಶುರುಮಾಡಿದರು. 1998ರ ಜುಲೈನಲ್ಲಿ ಕಾಯಿದೆ ಬಂತು. 2002ರಲ್ಲಿ ತೀರಿಕೊಂಡರು.

2015ರ ಮೇ 27ರಂದು ನಾಲ್ವರು ಹೋರಾಟಗಾರರಿಗೆ ಪ್ಯಾಂಥಿಯನ್‌ನಲ್ಲಿ ಜಾಗ ಕೊಟ್ಟರು. ಗಂಡಸರಿಬ್ಬರು, ಹೆಂಗಸರಿಬ್ಬರು: ಜೆರ್ಮೇನ್ ತಿಯೋಂ ಮತ್ತು ಜೆನೆವಿಯೆವ್ ದ ಗಾಲ್-ಆಂತೋನಿಯೋಜ್. ಅಲ್ಲಿಯವರೆಗೆ ಆ ಮಹಾಪುರುಷರ ಮನೆಯಲ್ಲಿ ಹೆಂಗಸರು ಇಬ್ಬರೇ ಇದ್ದರು. ಒಬ್ಬರು ಸೋಫಿ ಬರ್ತೆಲೋ, 1907ರಲ್ಲಿ ವಿಜ್ಞಾನಿ ಗಂಡನ ಜೊತೆಯಲ್ಲಿ ಬಂದವರು. ಇನ್ನೊಬ್ಬರು ಮೇರಿ ಕ್ಯೂರಿ, 1995ರಲ್ಲಿ, ಸ್ವಂತ ಸಾಧನೆಯ ಮೇಲೆ.

ಅಂದು ಒಳಗೆ ಹೋದ ಜೆನೆವಿಯೆವ್ ಪೆಟ್ಟಿಗೆಯಲ್ಲಿ ದೇಹ ಇರಲಿಲ್ಲ. ಸಮಾಧಿ ಅಗೆಯಲು ಮನೆಯವರು ಒಪ್ಪಲಿಲ್ಲ. ಆಲ್ಪ್ಸ್ ತಪ್ಪಲಿನ ಬೊಸ್ಸೆ ಎಂಬ ಸಣ್ಣ ಊರಿನಲ್ಲಿ ಗಂಡನ ಪಕ್ಕದಲ್ಲಿ ಅವರನ್ನು ಹಾಗೇ ಬಿಟ್ಟು, ಅಲ್ಲಿಂದ ಒಂದಿಷ್ಟು ಮಣ್ಣನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಕಳಿಸಿದರು.